ಟ್ರೇಡ್‌ಮಾರ್ಕ್ ನೋಂದಣಿ ಸೇವೆ: ಚಿಕ್ಕಮಗಳೂರಿನ ಕಾಫಿಪುಡಿ ವ್ಯಾಪಾರಿಯೊಬ್ಬನ ಅನುಭವ

ಬೀಜ ಹುರಿದು, ಪುಡಿ ಮಾಡಿ, ಕಾಲು ಕೆಜಿ, ಅರ್ಧ ಕೆಜಿ ಪ್ಯಾಕೆಟ್ಟುಗಳಲ್ಲಿ ಮಾರುವ ಸಣ್ಣ ಅಂಗಡಿ ನಮ್ಮದು. ನಮ್ಮ ಹೆಸರನ್ನೂ ಪ್ಯಾಕೆಟ್ಟಿನ ಮೇಲಿನ ಚಿತ್ರವನ್ನೂ ಟ್ರೇಡ್‌ಮಾರ್ಕ್ ಆಗಿ ನೋಂದಾಯಿಸಿಕೊಂಡಿದ್ದೇವೆ. ಆ ಹೆಸರನ್ನು ಬೇರೊಬ್ಬರು ಕದ್ದಾಗ ಠಾಣೆಯ ಮೆಟ್ಟಿಲನ್ನೂ ಹತ್ತಿದ್ದೇನೆ. ನೋಂದಣಿ ಮಾಡಿಸಬೇಕೋ ಬೇಡವೋ ಎಂದು ಯೋಚಿಸುತ್ತಿರುವ ನಮ್ಮ ಜಿಲ್ಲೆಯ ಮತ್ತು ಹಾಸನದ ವ್ಯಾಪಾರಿಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನೋಂದಣಿಯ ಮಟ್ಟಿಗೆ ನನಗೆ ಸಮಾಧಾನವಿದೆ. ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಯ ವ್ಯಾಪ್ತಿಗೆ ಬಂದರೂ ಎಲ್ಲವನ್ನೂ ಆನ್‌ಲೈನಿನಲ್ಲೇ ಸಲ್ಲಿಸಬಹುದು. ವ್ಯಕ್ತಿಗಳಿಗೂ ಸಣ್ಣ ಉದ್ದಿಮೆಗಳಿಗೂ ಸರಕುಗಳ ಒಂದು ವರ್ಗಕ್ಕೆ 4,500 ರೂಪಾಯಿ ಶುಲ್ಕ. ಕಾಫಿ 30ನೇ ವರ್ಗಕ್ಕೆ ಸೇರುತ್ತದೆ. ಅರ್ಜಿ ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ಪ್ರಕಟವಾದ ಮೇಲೆ ಆಕ್ಷೇಪಣೆಗೆ ನಾಲ್ಕು ತಿಂಗಳ ಅವಕಾಶವಿದ್ದು, ನೋಂದಣಿ 10 ವರ್ಷ ಊರ್ಜಿತದಲ್ಲಿರುತ್ತದೆ, ಬಳಿಕ ನವೀಕರಿಸಿಕೊಳ್ಳಬಹುದು. ಒಂದು ಎಚ್ಚರಿಕೆಯ ಮಾತು: ‘ಚಿಕ್ಕಮಗಳೂರು ಅರೇಬಿಕಾ’, ‘ಬಾಬಾಬುಡನ್‌ಗಿರಿ ಅರೇಬಿಕಾ’ ಎಂಬ ಹೆಸರುಗಳಿಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಅವು ಇಲ್ಲಿನ ಬೆಳೆಗಾರರೆಲ್ಲರ ಸ್ವತ್ತಾದ್ದರಿಂದ ಯಾರೂ ಸ್ವಂತ ಬ್ರ್ಯಾಂಡ್ ಮಾಡಿಕೊಳ್ಳಲು ಹೋಗಬಾರದು.

ಕಳೆದ ಮಳೆಗಾಲದಲ್ಲಿ ಹಾಸನದ ಹಳೆಯ ಗಿರಾಕಿಯೊಬ್ಬರು ಅಂಗಡಿಗೆ ಬಂದು, “ಏನಣ್ಣಾ, ಈ ಸಲದ ಪುಡಿ ಬಾಯಿಗೆ ಇಡೋಕಾಗ್ತಿಲ್ಲ” ಎಂದು ಪ್ಯಾಕೆಟ್ಟನ್ನು ಮೇಜಿನ ಮೇಲಿಟ್ಟರು. ಹೆಸರು ನಮ್ಮದು, ಚಿತ್ರ ನಮ್ಮದು, ಫೋನ್ ನಂಬರ್ ಕೂಡ ನಮ್ಮದೇ. ಆದರೆ ಮೇಲಿನ ಅಂಚಿನ ಸೀಲು ಸೊಟ್ಟಗಿತ್ತು, ನಮ್ಮ ಕಡುಗೆಂಪು ಬಣ್ಣ ಅಲ್ಲಿ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಒಂದು ಲೋಟ ನೀರಿನ ಮೇಲೆ ಅರ್ಧ ಚಮಚ ಉದುರಿಸಿದೆ. ಕಾಫಿಪುಡಿ ತೇಲುತ್ತದೆ, ಚಿಕೋರಿ ಕಂದು ಗೆರೆ ಬಿಡುತ್ತಾ ಕೆಳಗಿಳಿಯುತ್ತದೆ. ಆ ಲೋಟದಲ್ಲಿ ತೇಲಿ ಉಳಿದದ್ದು ತೀರಾ ಕಡಿಮೆ. ಕಾಫಿ-ಚಿಕೋರಿ ಮಿಶ್ರಣದಲ್ಲಿ ಕನಿಷ್ಠ ಶೇ. 51ರಷ್ಟು ಕಾಫಿ ಇರಲೇಬೇಕೆಂಬ ನಿಯಮವಿದೆ. ಅದನ್ನು ಮೀರಿದ ದೂರು ಆಹಾರ ಸುರಕ್ಷತಾ ಅಧಿಕಾರಿಗಳಿಗೆ ಸೇರಿದ್ದು, ಹೆಸರಿನ ಕಳವು ಪೊಲೀಸರಿಗೆ ಸೇರಿದ್ದು. ಆ ಪುಡಿ ಸಿಗುತ್ತಿದ್ದ ಅಂಗಡಿಯಿಂದ ಬಿಲ್ಲು ಪಡೆದು ಹನ್ನೊಂದು ಪ್ಯಾಕೆಟ್ ಕೊಂಡುಕೊಂಡು ಠಾಣೆಗೆ ಹೋದೆ. ಯಾವ ಠಾಣೆ ಎಂದು ಹೇಳುವುದಿಲ್ಲ, ಏಕೆಂದರೆ ತಪ್ಪು ಆ ಠಾಣೆಯ ಸಿಬ್ಬಂದಿಯದಲ್ಲ ಎಂದೇ ನನ್ನ ನಂಬಿಕೆ.

ದಫೇದಾರರು ಪ್ರಮಾಣಪತ್ರವನ್ನು ಎರಡು ಸಲ ಓದಿದರು. “ಕಳುವಾದ ಸ್ವತ್ತಿನ ವಿವರ ಅಂತಿದೆಯಲ್ಲ ಸಾರ್, ಅಲ್ಲಿ ಏನಂತ ಬರೀಲಿ?” ಎಂದು ಪ್ರಾಮಾಣಿಕವಾಗಿಯೇ ಕೇಳಿದರು. ಹೆಸರು ಎಂದೆ. ಅವರ ಪೆನ್ನು ಅಲ್ಲೇ ನಿಂತಿತು. 1999ರ ಟ್ರೇಡ್‌ಮಾರ್ಕ್ ಕಾಯ್ದೆಯಲ್ಲಿ ಇಂಥ ಅಪರಾಧಕ್ಕೆ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸವೂ 50,000 ರೂಪಾಯಿಯಿಂದ 2 ಲಕ್ಷದವರೆಗೆ ದಂಡವೂ ಇವೆ. ಆದರೆ ವಾರಂಟ್ ಇಲ್ಲದೆ ಶೋಧಿಸಿ ಮಾಲು ಜಪ್ತಿ ಮಾಡಬೇಕಾದರೆ ಡಿವೈಎಸ್ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯೇ ಬೇಕು, ಅದಕ್ಕೂ ಮೊದಲು ಅವರು ಟ್ರೇಡ್‌ಮಾರ್ಕ್ ರಿಜಿಸ್ಟ್ರಾರರ ಅಭಿಪ್ರಾಯ ಪಡೆದಿರಬೇಕು. ಬಂದೋಬಸ್ತಿಗೂ ಅಪಘಾತಗಳಿಗೂ ಸಾಲದ ಸಿಬ್ಬಂದಿಯಲ್ಲಿ ರಿಜಿಸ್ಟ್ರಾರರಿಗೆ ಪತ್ರ ಬರೆಯಲು ಬಲ್ಲವರು ಯಾರೂ ಇರಲಿಲ್ಲ. ಮೂರು ವಾರ ಕಳೆದು ನಾನು ಆ ಅಂಗಡಿಯ ಮುಂದೆ ಹಾದುಹೋದಾಗ ಕಪಾಟಿನಲ್ಲಿ ಒಂದು ಪ್ಯಾಕೆಟ್ಟೂ ಉಳಿದಿರಲಿಲ್ಲ.

ನೋಂದಣಿಗೆ ಐದರಲ್ಲಿ ನಾಲ್ಕು ಅಂಕ ಕೊಡುವ ನಾನು ಜಾರಿಯ ಭಾಗಕ್ಕೆ ಒಂದಕ್ಕಿಂತ ಹೆಚ್ಚು ಕೊಡಲಾರೆ. ಇದಕ್ಕೆ ಕಾರಣ ಹಣವೆಂದೇ ನಾನು ತಿಳಿದಿದ್ದೇನೆ. ಅಮೆರಿಕದಲ್ಲಿ 2008ರ ಕಾಯ್ದೆಯೊಂದರ ಅಡಿಯಲ್ಲಿ ಅಲ್ಲಿನ ನ್ಯಾಯ ಇಲಾಖೆ ಊರೂರಿನ ಪೊಲೀಸರಿಗೆ ಇಂಥ ಪ್ರಕರಣಗಳಿಗೆಂದೇ ಅನುದಾನ ಕೊಡುತ್ತದೆ. ಸಿಬ್ಬಂದಿಯ ಹೆಚ್ಚುವರಿ ದುಡಿಮೆಯ ಭತ್ಯೆಯನ್ನೂ ಜಪ್ತಿ ಮಾಡಿದ ಮಾಲಿನ ದಾಸ್ತಾನು ಬಾಡಿಗೆಯನ್ನೂ ಅದರಿಂದ ಭರಿಸಬಹುದು. ಲಂಡನ್ ನಗರ ಪೊಲೀಸರಲ್ಲಿ ಇಂಥ ಪ್ರಕರಣಗಳಿಗೆಂದು 2013ರಲ್ಲಿ ಆರಂಭವಾದ ವಿಶೇಷ ಘಟಕಕ್ಕೆ ಆ ದೇಶದ ಬೌದ್ಧಿಕ ಆಸ್ತಿ ಕಚೇರಿಯೇ ಹಣ ನೀಡುತ್ತದೆ. ದಾಸ್ತಾನು ಬಾಡಿಗೆಯನ್ನು ಲೆಕ್ಕಕ್ಕೆ ಹಿಡಿದವರು ಠಾಣೆಯ ಒಳಗನ್ನು ಬಲ್ಲವರೇ ಇರಬೇಕು. ನಮ್ಮ ಮಲೆನಾಡಿನ ಮಳೆಯಲ್ಲಿ ಜಪ್ತಿ ಮಾಡಿದ ಪುಡಿಯನ್ನು ಠಾಣೆಯ ಮೂಲೆಯಲ್ಲಿಟ್ಟರೆ ಅದು ನ್ಯಾಯಾಲಯಕ್ಕೆ ಹೋಗುವಷ್ಟರಲ್ಲಿ ಗಂಟು ಕಟ್ಟಿ ಬೂಸಲು ಹಿಡಿದಿರುತ್ತದೆ.

ಪೊಲೀಸ್ ವ್ಯವಸ್ಥೆ ರಾಜ್ಯದ ವಿಷಯ, ಹಾಗಾಗಿ ಹಣ ರಾಜ್ಯ ಬಜೆಟ್ಟಿನಿಂದಲೇ ಬರಬೇಕು. ನಾವು ಕೇಳಬೇಕಾದದ್ದು ದೊಡ್ಡದೇನಲ್ಲ. ಸೈಬರ್ ಅಪರಾಧಗಳಿಗೆಂದು ಜಿಲ್ಲೆಯಲ್ಲಿ ಈಗಾಗಲೇ ಇರುವ ಠಾಣೆಯಲ್ಲಿ ಈ ಕಾಯ್ದೆಗಳ ತರಬೇತಿ ಪಡೆದ ಇಬ್ಬರು, ರಿಜಿಸ್ಟ್ರಾರರೊಂದಿಗಿನ ಪತ್ರವ್ಯವಹಾರಕ್ಕೆ ಒಬ್ಬರು, ಮಾಲಿಡಲು ಒಂದು ಒಣ ಕೋಣೆ. ಕಾಫಿ, ಮೆಣಸು, ಏಲಕ್ಕಿಯನ್ನು ಹೆಸರಿನ ಮೇಲೆಯೇ ಮಾರುವ ಜಿಲ್ಲೆಗೆ ಇಷ್ಟು ಖರ್ಚು ಹೆಚ್ಚಾಗುವುದಿಲ್ಲ.

ನೋಂದಣಿಯನ್ನು ಖಂಡಿತ ಮಾಡಿಸಿ, ಏಕೆಂದರೆ ಅದಿಲ್ಲದೆ ದೂರಿನ ಮಾತು ಇನ್ನೂ ಕಷ್ಟ. ನಕಲಿ ಕಂಡ ದಿನವೇ ಬಿಲ್ಲು ಸಮೇತ ಕೊಂಡು, ಪ್ಯಾಕೆಟ್ ಒಡೆಯದೆ ಇಡಿ, ಅಂಗಡಿಯವನೊಡನೆ ಜಗಳಕ್ಕೆ ನಿಲ್ಲಬೇಡಿ. ನನ್ನ ಹನ್ನೊಂದು ಪ್ಯಾಕೆಟ್ಟುಗಳನ್ನು ತಗಡಿನ ಡಬ್ಬಿಯೊಂದರಲ್ಲಿ ಹಾಕಿ, ಮುಚ್ಚಳಕ್ಕೆ ಅಂಟುಪಟ್ಟಿ ಸುತ್ತಿ, ಮೇಲೆ ದಿನಾಂಕ ಬರೆದು ಗಲ್ಲಾಪೆಟ್ಟಿಗೆಯ ಹಿಂದೆ ಇಟ್ಟಿದ್ದೇನೆ. ಠಾಣೆಯಿಂದ ಕರೆ ಬಂದ ದಿನ ಹಾಗೆಯೇ ಒಪ್ಪಿಸುತ್ತೇನೆ.