ತೋಟದ ಪಂಪಿಗೆ ಯಾವ ಬೋರ್ಡು?

ಶಿರಸಿ ಕಡೆ ಅಡಿಕೆ ತೋಟದ ಪಂಪಿಗೆ ಟೈಮರ್ ಮಾಡಹೊರಟವರ ಕಣ್ಣು ಮೊದಲು ಬೀಳುವುದು ಇಎಸ್‌ಪಿ32 ಎಂಬ ಮೈಕ್ರೊಕಂಟ್ರೋಲರ್ ಬೋರ್ಡಿನ (ಪ್ರೋಗ್ರಾಮ್ ತುಂಬಿ ಓಡಿಸುವ ಪುಟ್ಟ ಕಂಪ್ಯೂಟರ್) ಮೇಲೆ. 240 ಮೆಗಾಹರ್ಟ್ಸ್, ವೈಫೈ, ಬ್ಲೂಟೂತ್ ಎಲ್ಲ ಇದೆ, ಬೆಲೆಯೂ ಕೈಗೆಟುಕುವಂಥದ್ದೇ. ಆದರೆ ಮನೆ ದಿಬ್ಬದ ಮೇಲೆ, ಪಂಪು ಕೆಳಗೆ ಹೊಳೆಬದಿಗೆ, ನಡುವೆ ಇಡೀ ತೋಟ. ಅಲ್ಲಿಗೆ ಮನೆಯ ವೈಫೈ ಮುಟ್ಟದಿದ್ದರೆ ಅದಕ್ಕೆ ಕೊಟ್ಟ ದುಡ್ಡು ನೀರುಪಾಲು.

ದೊಡ್ಡ ತಕರಾರು ಅದರ ಪಿನ್ನುಗಳು ಕೊಡುವ 3.3 ವೋಲ್ಟಿನದು. ಪೇಟೆಯ ನೀಲಿ ರಿಲೇ (ಸಣ್ಣ ಸಂಕೇತದಿಂದ ದೊಡ್ಡ ಕರೆಂಟು ಹಾಕಿ ಆರಿಸುವ ಸ್ವಿಚ್ಚು) ಬೋರ್ಡು 5 ವೋಲ್ಟಿನದು, ಇನ್‌ಪುಟ್ ಲೋ (ಸೊನ್ನೆ ವೋಲ್ಟ್ ಹತ್ತಿರ) ಆದಾಗ ರಿಲೇ ಎಳೆಯುವ ಜಾತಿ. ಇಎಸ್‌ಪಿ32 ಹೈ, ಅಂದರೆ 3.3 ವೋಲ್ಟ್, ಕೊಟ್ಟರೂ 1.7 ವೋಲ್ಟ್ ಅಂತರ ಉಳಿಯುತ್ತದೆ. ರಿಲೇ ಬೋರ್ಡಿನ ಆಪ್ಟೋಕಪ್ಲರ್ (ಸಂಕೇತವನ್ನು ಬೆಳಕಿನಿಂದ ದಾಟಿಸುವ ಬಿಡಿಭಾಗ) ಪೂರ್ತಿ ಆರದೆ ರಿಲೇ ಒಮ್ಮೊಮ್ಮೆ ಬಿಡುವುದೇ ಇಲ್ಲ, ಪಂಪು ಓಡುತ್ತಲೇ ಇರುತ್ತದೆ. ಅದೇ ಬೋರ್ಡಿನ ಜೆಡಿ-ವಿಸಿಸಿ ಜಂಪರ್ (ಎರಡು ಪಿನ್ನು ಜೋಡಿಸುವ ಪುಟ್ಟ ಟೋಪಿ) ಕಿತ್ತು, ಸಂಕೇತದ ಬದಿಯ ವಿಸಿಸಿಗೆ 3.3, ರಿಲೇ ಕಾಯಿಲಿನ ಬದಿಯ ಜೆಡಿ-ವಿಸಿಸಿಗೆ 5 ವೋಲ್ಟ್ ಕೊಡಿ. ರಿಲೇ ತಂತಿಯನ್ನು ಇಎಸ್‌ಪಿ32ರ ಜಿಪಿಐಒ 12 ಎಂಬ ಪಿನ್ನಿಗಂತೂ ಕೊಡಬೇಡಿ: ಬೂಟ್ ಆಗುವಾಗ ಅದು ಹೈ ಇದ್ದರೆ ಪ್ರೋಗ್ರಾಮ್ ಇರುವ ಫ್ಲಾಶ್ ಮೆಮೊರಿಗೆ 1.8 ವೋಲ್ಟ್ ಹೋಗಿ ಬೋರ್ಡು ಏಳುವುದೇ ಇಲ್ಲ. ಮಣ್ಣಿನ ತೇವದ ಸೆನ್ಸರ್ 32ರಿಂದ 39ರೊಳಗಿನ ಪಿನ್ನಿಗೇ ಇರಲಿ; ಎಡಿಸಿ2 ಪಿನ್ನುಗಳು (ವೋಲ್ಟೇಜು ಅಳೆಯುವ ಇನ್ನೊಂದು ಗುಂಪು) ವೈಫೈ ನಡೆಯುವಾಗ ಓದು ಕೊಡುವುದಿಲ್ಲ.

ಆರ್ಡುಯಿನೊ ನ್ಯಾನೊದ ನಕಲಿ ಬೋರ್ಡು 5 ವೋಲ್ಟಿನದೇ ಆದ್ದರಿಂದ ರಿಲೇ ಗೋಳಿಲ್ಲ. ಅದರ ಎಟಿಮೆಗಾ328ಪಿ ಚಿಪ್ಪಿನ 32 ಕೆಬಿ ಫ್ಲಾಶ್, 2 ಕೆಬಿ ರ್‍ಯಾಮ್ ನೀರಿನ ಮಟ್ಟ ನೋಡುವ ಫ್ಲೋಟ್ ಸ್ವಿಚ್ಚಿಗೂ ಟೈಮರಿಗೂ ಧಾರಾಳ. ಕಂಪ್ಯೂಟರಿಗೆ ಬೋರ್ಡಿನ ಯುಎಸ್‌ಬಿ ಚಿಪ್ಪಿನ ಸಿಎಚ್340 ಡ್ರೈವರ್ ಹಾಕಿಕೊಂಡ ಮೇಲೂ ಅಪ್‌ಲೋಡ್ ಆಗದಿದ್ದರೆ, ಪ್ರೋಗ್ರಾಮ್ ಬರೆದು ತುಂಬುವ ಆರ್ಡುಯಿನೊ ಐಡಿಇಯ ಪ್ರೊಸೆಸರ್ ಪಟ್ಟಿಯಲ್ಲಿ 'ಓಲ್ಡ್ ಬೂಟ್‌ಲೋಡರ್' ಆರಿಸಿ. ಒಂದೇ ಪಂಪು ಇದ್ದವರು ಇದನ್ನೇ ತಕ್ಕೊಳ್ಳಿ.

ಕಲಿಯುವ ಮಕ್ಕಳಿಗಾದರೆ ರಾಸ್ಪ್‌ಬೆರಿ ಪೈ ಪಿಕೊ. 2021ರಲ್ಲಿ 4 ಡಾಲರಿಗೆ ಬಂದ ಬೋರ್ಡು. ಬೂಟ್‌ಸೆಲ್ ಗುಂಡಿ ಒತ್ತಿಹಿಡಿದು ಯುಎಸ್‌ಬಿಗೆ ಚುಚ್ಚಿದರೆ ಪೆನ್‌ಡ್ರೈವ್‌ನಂತೆ ಕಾಣುತ್ತದೆ, ಪ್ರೋಗ್ರಾಮಿನ ಫೈಲು ಎಳೆದು ಹಾಕಿದರಾಯಿತು. ಬ್ಲೂ ಪಿಲ್ ಎಂಬ ಎಸ್‌ಟಿಎಂ32 ಬೋರ್ಡಿಗೆ ಪ್ರೋಗ್ರಾಮ್ ತುಂಬಲು ಎಸ್‌ಟಿ-ಲಿಂಕ್‌ನಂಥ ಸಾಧನ ಬೇರೆ ಬೇಕು, ಚಿಪ್ಪೂ ಎಷ್ಟೋ ಸಲ ಅಸಲಿಯಲ್ಲ. ಸಿಎಚ್32ವಿ003 ಎಂಬ ಚಿಪ್ಪು ಕಾಸಿನ ಲೆಕ್ಕದಲ್ಲಿ ಇವೆಲ್ಲಕ್ಕಿಂತ ಅಗ್ಗ, ಆದರೆ ಪ್ರೋಗ್ರಾಮ್ ತುಂಬುವ ಡಬ್ಲ್ಯೂಸಿಎಚ್-ಲಿಂಕ್‌ಇ ಸಾಧನ ಕೊಂಡು, ಕಲಿಯಲು ಸಂಜೆಗಳನ್ನೂ ಸುರಿಯಬೇಕು. ಐವತ್ತು ಬೋರ್ಡು ಮಾಡಿ ಮಾರುವವರಿಗೆ ಸರಿ.

ಯಾವುದೇ ಆಗಲಿ, ರಿಲೇಯಿಂದ ನೇರ ಮೋಟಾರು ಓಡಿಸದೆ ಸ್ಟಾರ್ಟರಿನ ಕಾಂಟ್ಯಾಕ್ಟರ್ (ಮೋಟಾರಿಗೆ ಕರೆಂಟು ಹಾಯಿಸುವ ದೊಡ್ಡ ಸ್ವಿಚ್ಚು) ಕಾಯಿಲನ್ನಷ್ಟೇ ಎಳೆಸಿ. 230 ವೋಲ್ಟ್ ಕಾಯಿಲಾದರೆ ಅದಕ್ಕೆ ಅಡ್ಡಲಾಗಿ 100 ಓಮ್ ರೆಸಿಸ್ಟರ್ ಮತ್ತು 0.1 ಮೈಕ್ರೊಫ್ಯಾರಡ್ ಎಕ್ಸ್2 ಕೆಪ್ಯಾಸಿಟರನ್ನು ಒಂದರ ಹಿಂದೊಂದು ಜೋಡಿಸಿದ ಸ್ನಬ್ಬರ್ (ವೋಲ್ಟೇಜಿನ ಎಗರಾಟ ತಗ್ಗಿಸುವ ಜೋಡಿ) ಇರಲಿ. ಇಲ್ಲವಾದರೆ ಕಾಯಿಲು ಬಿಟ್ಟಾಗಲೆಲ್ಲ ಬೋರ್ಡು ರೀಸೆಟ್ ಆಗುವ ಸಂಭವ. ಕಾರವಾರ, ಅಂಕೋಲಾ ಕಡೆ ಉಪ್ಪುಗಾಳಿಗೆ ಚುಚ್ಚುವ ತಂತಿಗಳ ತುದಿ ಹಸಿರುಗಟ್ಟುತ್ತದೆ; ಬೆಸುಗೆ ಹಾಕಿ, ಮೇಲೆ ತೇವ ತಡೆಯುವ ಕನ್ಫಾರ್ಮಲ್ ಕೋಟಿಂಗ್ ಹೊಡೆಯಿರಿ. ಹೊಡೆಯುವ ಮುಂಚೆ ಯುಎಸ್‌ಬಿ ಬಾಯಿಗೆ ಟೇಪು ಹಚ್ಚಲು ಮರೆಯಬೇಡಿ.