ದನಿ ರೆಕಾರ್ಡ್ ಮಾಡುವ ಕಥೆಪುಸ್ತಕ: ದೂರದ ಅಜ್ಜಿಗೆ ಸೈ, ಪಕ್ಕದ ಅಮ್ಮನಿಗೆ ಬೇಡ

ಪುಟ ತಿರುಗಿಸಿದರೆ ಸಾಕು, ನಾವು ಮೊದಲೇ ರೆಕಾರ್ಡ್ ಮಾಡಿಟ್ಟ ದನಿಯಲ್ಲಿ ಆ ಪುಟದ ಕಥೆ ಕೇಳಿಸುತ್ತದೆ. ಇಂಥದ್ದೊಂದು ಪುಸ್ತಕ ನಮ್ಮ ಮೂರು ವರ್ಷದ ಮಗಳ ಕೈಗೆ ಸಿಕ್ಕಿ ಕೆಲವು ತಿಂಗಳಾಯ್ತು. ಕಂಪನಿಯ ಹೆಸರು ಬೇಡ, ಈ ಜಾತಿಯವೆಲ್ಲ ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ. ನೀವಿಲ್ಲದಾಗಲೂ ಮಗುವಿಗೆ ಓದಿ ಹೇಳುತ್ತದೆ ಅನ್ನೋ ಅರ್ಥದ ಮಾತು ಡಬ್ಬಿ ಮೇಲಿದೆ. ಅರ್ಧ ನಿಜ.

ಪುಸ್ತಕ ಗಟ್ಟಿಯಾಗಿದೆ. ದಪ್ಪ ರಟ್ಟಿನ ಪುಟಗಳು, ಮೂಲೆ ಕಚ್ಚಿದರೂ ಎಳೆದರೂ ಬಾಳಿಕೆ ಬರುತ್ತವೆ. ರೆಕಾರ್ಡ್ ಮಾಡೋದೂ ಸುಲಭ: ಬಟನ್ ಒತ್ತಿ, ಬೀಪ್ ಬಂದ ಮೇಲೆ ಓದಿ. ಒಂದೊಂದು ಪುಟಕ್ಕೆ ಸಿಗುವ ಸಮಯ ಕಮ್ಮಿ, ಉಸಿರು ಎಳೆದುಕೊಳ್ಳುವಷ್ಟರಲ್ಲಿ ಮುಗಿದಿರುತ್ತದೆ. ಕೊನೆಗೆ ಹಿಂದಿನ ಲಾಕ್ ಸ್ವಿಚ್ ಹಾಕಲೇಬೇಕು, ಇಲ್ಲದಿದ್ದರೆ ಮಗುವಿನ ಬೆರಳು ರೆಕಾರ್ಡ್ ಬಟನ್ ಮೇಲೆ ಬಿದ್ದು ಕಥೆಯ ಜಾಗದಲ್ಲಿ ಅದರ ಕಿರುಚಾಟ ಕೂತುಬಿಡುತ್ತದೆ.

ನಾವು ಇದನ್ನು ತರಿಸಿದ್ದು ದೂರದಲ್ಲಿರೋ ಅಜ್ಜಿಯ ದನಿಗಾಗಿ. ಆ ಕೆಲಸಕ್ಕೆ ಮಾತ್ರ ಪೂರ್ತಿ ಮಾರ್ಕ್ಸ್. ಅಜ್ಜಿ ಮೊದಲ ಪುಟ ಓದುವ ಮುಂಚೆ ಗಂಟಲು ಸರಿಮಾಡಿಕೊಂಡು "ಪುಟ್ಟೀ, ಕೇಳಿಸ್ತಾ?" ಅಂದಿದ್ದಾರೆ. ಅದೂ ರೆಕಾರ್ಡ್ ಆಗಿದೆ. ಈಗ ಆ ಪುಟ ತೆಗೆದಾಗಲೆಲ್ಲ ಇವಳು "ಹ್ಞೂಂ, ಕೇಳಿಸ್ತು" ಅಂತ ಉತ್ತರ ಕೊಟ್ಟೇ ಮುಂದಕ್ಕೆ ಹೋಗೋದು. ಎಷ್ಟು ಚೆನ್ನಾಗಿ ಓದುವ ಕಲಾವಿದರ ಆಡಿಯೋ ಕಥೆ ಹಾಕಿದರೂ ಇದು ಸಿಗಲ್ಲ, ಅಲ್ವಾ?

ಇನ್ನು ತೊಂದರೆಗಳು. ಯಾವ ಪುಟ ತೆರೆದಿದೆ ಅನ್ನೋದು ಪುಸ್ತಕಕ್ಕೆ ಗೊತ್ತಾಗೋದು ಬೆಳಕಿನಿಂದ. ಪುಟದ ಅಂಚಿನಲ್ಲಿ ಸಣ್ಣ ತೂತುಗಳಿವೆ, ಅವುಗಳ ಕೆಳಗೆ ಸೆನ್ಸರ್. ಹಗಲಲ್ಲಿ ಸರಿಯಾಗಿ ಕೆಲಸ ಮಾಡುತ್ತದೆ. ರಾತ್ರಿ ಮಂದ ದೀಪದಲ್ಲಿ ಮಲಗಿಕೊಂಡು ತೆರೆದರೆ ಒಂದೋ ಸುಮ್ನೆ ಕೂರುತ್ತದೆ, ಇಲ್ಲಾ ಬೇರೆ ಯಾವುದೋ ಪುಟ ಓದಲು ಶುರು ಮಾಡುತ್ತದೆ. ಮಕ್ಕಳಿಗೆ ಕಥೆ ಬೇಕಾಗೋದೇ ಮಲಗುವಾಗ! ಇದನ್ನು ಮಾಡಿದವರ ಮನೆಯಲ್ಲಿ ಮಕ್ಕಳು ಟ್ಯೂಬ್‌ಲೈಟ್ ಕೆಳಗೆ ಮಲಗುತ್ತಾರೋ ಏನೋ.

ಅದನ್ನಾದರೂ ಸಹಿಸಬಹುದು. ದೊಡ್ಡ ಕೊರತೆ ಅಂದ್ರೆ ಈ ಪುಸ್ತಕ ಕಾಯೋದಿಲ್ಲ. ಕಥೆ ಮಳೆಯಲ್ಲಿ ಮನೆ ದಾರಿ ಹುಡುಕುವ ಬಸವನಹುಳುವಿನದು. ಒಂದು ಪುಟದ ಮೂಲೆಯಲ್ಲಿ, ಎಲೆ ಕೆಳಗೆ, ಒಂದು ಕಪ್ಪೆ ಇದೆ. ಕಥೆಯಲ್ಲಿ ಅದರ ಸುದ್ದಿಯೇ ಇಲ್ಲ. ಮಗಳ ಕಣ್ಣು ಮೊದಲು ಹೋಗೋದು ಅಲ್ಲಿಗೇ. "ಕಪ್ಪೆಗೆ ಯಾಕೆ ಕೊಡೆ ಇಲ್ಲ?" ಅಂತ ಕೇಳುತ್ತಾಳೆ, ರೆಕಾರ್ಡಿಂಗ್ ತನ್ನ ಪಾಡಿಗೆ ಬಸವನಹುಳುವಿನ ಹಿಂದೆ ಹೋಗಿರುತ್ತದೆ. ನಾವು ಓದುವಾಗ ಕಪ್ಪೆ ಹತ್ತಿರವೇ ನಿಂತುಬಿಡುತ್ತೇವೆ. ಅದಕ್ಕೆ ಹೆಸರಿಡುತ್ತೇವೆ, ನೆಗಡಿ ಬರಿಸುತ್ತೇವೆ, ಕೆಲವು ಸಲ ಕಥೆ ಮುಗಿಯೋದೇ ಇಲ್ಲ.

ಈ ನಿಲ್ಲುವುದರಲ್ಲೇ ಲಾಭ ಜಾಸ್ತಿ ಅಂತ ತೋರಿಸಿದ ಸಂಶೋಧನೆಯೂ ಇದೆ. 1988ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಅವರ ತಂಡ ಎರಡು ವರ್ಷದ ಆಸುಪಾಸಿನ ಮಕ್ಕಳ ಅಪ್ಪ ಅಮ್ಮಂದಿರಿಗೆ, ಸುಮ್ನೆ ಓದುತ್ತಾ ಹೋಗಬೇಡಿ, ನಡುವೆ ಪ್ರಶ್ನೆ ಕೇಳಿ, ಮಗು ಹೇಳಿದ್ದಕ್ಕೆ ಇನ್ನೆರಡು ಮಾತು ಸೇರಿಸಿ ಅಂತ ಹೇಳಿಕೊಟ್ಟರು. ಒಂದೇ ತಿಂಗಳಲ್ಲಿ ಆ ಮಕ್ಕಳ ಮಾತು, ಮಾಮೂಲಾಗಿ ಓದಿಸಿಕೊಂಡ ಮಕ್ಕಳಿಗಿಂತ ಮುಂದೆ ಹೋಗಿತ್ತು. ರೆಕಾರ್ಡ್ ಆದ ದನಿಗೆ ಪ್ರಶ್ನೆ ಕೇಳೋಕೆ ಬರುತ್ತದೆ, ಉತ್ತರ ಕೇಳಿಸಿಕೊಳ್ಳೋಕೆ ಬರಲ್ಲ.

ಒಂದು ವಿಷಯದಲ್ಲಿ ಮಾತ್ರ ಇದು ನಮಗಿಂತ ವಾಸಿ. ಮಕ್ಕಳಿಗೆ ಅದೇ ಕಥೆ ಮತ್ತೆ ಮತ್ತೆ ಬೇಕು, ನಮಗೆ ಮೂರನೇ ಸಲಕ್ಕೇ ಆಕಳಿಕೆ. ಮೆಲ್ಲಗೆ ಎರಡು ಪುಟ ಒಟ್ಟಿಗೆ ತಿರುಗಿಸಿ ಸಿಕ್ಕಿಬೀಳದವರು ಯಾರಿದ್ದಾರೆ? ಪುಸ್ತಕ ಹಾಗೆಲ್ಲ ಮೋಸ ಮಾಡಲ್ಲ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2011ರಲ್ಲಿ ಮೂರು ವರ್ಷದ ಮಕ್ಕಳ ಜೊತೆ ಮಾಡಿದ ಅಧ್ಯಯನದಲ್ಲಿ, ಬೇರೆ ಬೇರೆ ಕಥೆ ಕೇಳಿದವರಿಗಿಂತ ಅದದೇ ಕಥೆ ಕೇಳಿದವರು ಹೊಸ ಪದಗಳನ್ನು ಚೆನ್ನಾಗಿ ಕಲಿತಿದ್ದರು. ಹಾಗಾಗಿ "ಇನ್ನೊಂದ್ಸಲ" ಅಂದಾಗ ಬೈಯಬೇಡಿ.

ನನ್ನ ಲೆಕ್ಕದಲ್ಲಿ ಐದಕ್ಕೆ ಮೂರು ಸ್ಟಾರ್. ಅಜ್ಜ, ಅಜ್ಜಿ, ಕೆಲಸಕ್ಕಾಗಿ ದೂರ ಇರುವ ಅಪ್ಪ, ಇಂಥವರ ದನಿ ಮಗುವಿನ ಹತ್ತಿರ ಇರಲಿ ಅಂದರೆ ಕಣ್ಣು ಮುಚ್ಚಿ ತಗೊಳ್ಳಿ. ರೆಕಾರ್ಡ್ ಮಾಡುವವರಿಗೆ ನಿಧಾನವಾಗಿ ಓದಲು ಹೇಳಿ, ನಡುವೆ ಮಗುವಿನ ಹೆಸರು ಹಿಡಿದು ಕರೆಯಲು ಹೇಳಿ, ತಪ್ಪಾದರೂ ಅಳಿಸಬೇಡಿ. ಒಂದೇ ಮನೆಯಲ್ಲಿದ್ದುಕೊಂಡು, ನಮ್ಮ ಬದಲು ಇದು ಓದಲಿ ಅಂತ ಕೊಳ್ಳುವುದಾದರೆ ಆ ದುಡ್ಡಿಗೆ ಮಾಮೂಲು ಚಿತ್ರದ ಪುಸ್ತಕಗಳನ್ನು ತನ್ನಿ. ನಾವಂತೂ ರಾತ್ರಿ ಸ್ವಿಚ್ ಆಫ್ ಮಾಡಿ ಇದನ್ನೇ ಬಾಯಲ್ಲಿ ಓದುತ್ತೇವೆ.

ಕೊಳ್ಳುವ ಮುಂಚೆ ಹಿಂಬದಿ ತಿರುಗಿಸಿ ಬ್ಯಾಟರಿ ಮುಚ್ಚಳ ನೋಡಿ. ಇಂಥ ಕೆಲವು ಪುಸ್ತಕಗಳಲ್ಲಿ ಬಟನ್ ಸೆಲ್, ಅಂದ್ರೆ ನಾಣ್ಯದಂಥ ಪುಟ್ಟ ಬ್ಯಾಟರಿ, ಇರುತ್ತದೆ. ಮಗು ಅದನ್ನು ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಟ್ಟುಹೋಗಬಹುದು. ಮುಚ್ಚಳಕ್ಕೆ ಸ್ಕ್ರೂ ಇಲ್ಲ ಅಂದ್ರೆ ಪುಸ್ತಕ ಎಷ್ಟೇ ಚೆಂದ ಇರಲಿ, ವಾಪಸ್ ಇಟ್ಟುಬಿಡಿ.