ಕರಾವಳಿಯ ಹವೆಯಲ್ಲಿ ಮನೆ ಸೋಪು: ಕಾಸ್ಟಿಕ್ ಸೋಡಾದ್ದೋ, ರೆಡಿ ಬೇಸಿನದ್ದೋ?

ಮನೆಯಲ್ಲಿ ಸೋಪು ಮಾಡಲು ಹೊರಟವರಿಗೆ ಮೂರು ದಾರಿ ಇದೆ. ಎಣ್ಣೆಗೆ ಕಾಸ್ಟಿಕ್ ಸೋಡಾ ನೀರು ಬೆರೆಸಿ, ಬೇಯಿಸದೆ ಅಚ್ಚಿಗೆ ಹೊಯ್ಯುವುದು ಕೋಲ್ಡ್ ಪ್ರಾಸೆಸ್. ಅದನ್ನೇ ಬೇಯಿಸಿದರೆ ಹಾಟ್ ಪ್ರಾಸೆಸ್. ಅಂಗಡಿಯಿಂದ ಗ್ಲಿಸರಿನ್ ಬೇಸ್, ಅಂದರೆ ಮೊದಲೇ ತಯಾರಾದ ಸೋಪಿನ ಗಟ್ಟಿ, ತಂದು ಕರಗಿಸಿ ಹೊಯ್ದರೆ ಮೆಲ್ಟ್ ಅಂಡ್ ಪೋರ್. ವಿಡಿಯೊದಲ್ಲಿ ಮೂರೂ ಚಂದವೇ. ಆದರೆ ಆ ವಿಡಿಯೊ ಮಾಡಿದವರಲ್ಲಿ ಪುತ್ತೂರಿನ ಜುಲೈ ತಿಂಗಳಲ್ಲಿ ಸೋಪು ಒಣಗಿಸಿದವರು ಎಷ್ಟು ಜನ ಇದ್ದಾರೋ! ನಾನು ಮೂರನ್ನೂ ಇಲ್ಲೇ ಮಾಡಿ ನೋಡಿದ್ದೇನೆ. ನನ್ನ ಲೆಕ್ಕದಲ್ಲಿ ದಿನಬಳಕೆಗೆ ಕೋಲ್ಡ್ ಪ್ರಾಸೆಸ್, ಅದೂ ಬೇಸಿಗೆಯಲ್ಲಿ ಮಾಡಿಟ್ಟದ್ದು. ಬೇಸ್ ಸೋಪು ಸಮಾರಂಭಗಳಿಗೆ. ಎರಡನ್ನೂ ಒಂದೇ ಥರ ಪ್ಯಾಕ್ ಮಾಡಿದರೆ ಮಾತ್ರ ಒಂದು ಹಾಳಾಗುವುದು ಖಂಡಿತ.

ಮೊದಲು ಕೋಲ್ಡ್ ಪ್ರಾಸೆಸ್. ನಾನು ಹೆಚ್ಚು ಮಾಡುವ ಅಳತೆ ಇದು: ತೆಂಗಿನೆಣ್ಣೆ 500 ಗ್ರಾಂ, ಆಲಿವ್ ಎಣ್ಣೆ 400 ಗ್ರಾಂ, ಹರಳೆಣ್ಣೆ 100 ಗ್ರಾಂ. ಇದಕ್ಕೆ ಕಾಸ್ಟಿಕ್ ಸೋಡಾ 150 ಗ್ರಾಂ, ನೀರು 300 ಗ್ರಾಂ. ಒಂದೊಂದು ಎಣ್ಣೆಗೆ ಒಂದೊಂದು ಪ್ರಮಾಣದ ಸೋಡಾ ಬೇಕು. ಒಂದು ಗ್ರಾಂ ತೆಂಗಿನೆಣ್ಣೆಗೆ 0.183 ಗ್ರಾಂ, ಆಲಿವ್‌ಗೆ ಸುಮಾರು 0.135. ಒಟ್ಟು ಲೆಕ್ಕದಿಂದ ಶೇ. 5ರಷ್ಟು ಸೋಡಾ ಕಡಿಮೆ ಹಾಕುತ್ತೇವೆ. ಆಗ ಸ್ವಲ್ಪ ಎಣ್ಣೆ ಸೋಪಾಗದೆ ಉಳಿದು ಚರ್ಮ ಬಿರಿಯದಂತೆ ನೋಡಿಕೊಳ್ಳುತ್ತದೆ. ಎಣ್ಣೆ ಬದಲಾಯಿಸಿದರೆ ಸೋಡಾದ ಲೆಕ್ಕವೂ ಬದಲಾಗುತ್ತದೆ. ಅದಕ್ಕೇ ಲೋಟ, ಚಮಚದ ಅಳತೆ ಇಲ್ಲಿ ನಡೆಯುವುದಿಲ್ಲ, ಡಿಜಿಟಲ್ ತಕ್ಕಡಿ ಬೇಕೇ ಬೇಕು.

ಸೋಡಾವನ್ನು ನೀರಿಗೆ ಹಾಕಬೇಕು. ನೀರನ್ನು ಸೋಡಾದ ಮೇಲೆ ಸುರಿದರೆ ಕುದಿದು ಮುಖಕ್ಕೆ ಸಿಡಿಯುತ್ತದೆ. ಸರಿಯಾಗಿ ಹಾಕಿದರೂ ನೀರು ತಾನಾಗಿಯೇ ಕೈ ಇಡಲಾರದಷ್ಟು ಬಿಸಿಯಾಗಿ, ಮೂಗಿಗೆ ಚುರುಕಾದ ಹೊಗೆ ಬಿಡುತ್ತದೆ. ಕಿಟಕಿ ತೆರೆದಿರಲಿ, ಕನ್ನಡಕ, ಕೈಗವಸು ಇರಲಿ, ಮಕ್ಕಳು ಹತ್ತಿರ ಬೇಡ. ಅಲ್ಯೂಮಿನಿಯಂ ಪಾತ್ರೆ ಮುಟ್ಟಲೇಬೇಡಿ. ಸೋಡಾ ಅದನ್ನು ತಿಂದು ಹೈಡ್ರೋಜನ್ ಬಿಡುತ್ತದೆ. ಸ್ಟೀಲ್ ಪಾತ್ರೆ ಆಗುತ್ತದೆ.

ಎಣ್ಣೆ, ಸೋಡಾ ನೀರು ಎರಡೂ 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬಂದಾಗ ಬೆರೆಸಿ, ಹ್ಯಾಂಡ್ ಬ್ಲೆಂಡರ್‌ನಿಂದ ಬಿಟ್ಟು ಬಿಟ್ಟು ತಿರುಗಿಸುತ್ತೇನೆ. ಮೊದಲು ಎಣ್ಣೆ ಹೊಳೆಯುತ್ತಾ ಬೇರೆಯೇ ಕಾಣುತ್ತದೆ. ಆಮೇಲೆ ಹೊಳಪು ಹೋಗಿ ಬಿಳಿಚುತ್ತದೆ. ಬ್ಲೆಂಡರ್ ಎತ್ತಿದಾಗ ಬಿದ್ದ ಹನಿ ಮುಳುಗದೆ ಮೇಲೆ ಗೆರೆಯಾಗಿ ನಿಂತರೆ ಅದೇ ಹದ. ಸೋಪು ಮಾಡುವವರು ಟ್ರೇಸ್ ಬಂತು ಅನ್ನುತ್ತಾರೆ. ಪರಿಮಳ ಹಾಕುವುದು ಈಗ. ಲಾವಂಚದ ಎಣ್ಣೆ ತಿಂಗಳುಗಟ್ಟಲೆ ನಿಲ್ಲುತ್ತದೆ. ನಿಂಬೆ, ಕಿತ್ತಳೆ ಎಣ್ಣೆಗಳ ವಾಸನೆ ಸೋಪು ಒಣಗುವಷ್ಟರಲ್ಲಿ ಮುಕ್ಕಾಲು ಹೋಗಿರುತ್ತದೆ. ದುಡ್ಡು ದಂಡ.

ಅರಿಶಿನ ಹಾಕುವವರು ಒಂದು ವಿಷಯ ತಿಳಿದಿರಲಿ. ಕ್ಷಾರ ಸೇರಿದ ಕೂಡಲೇ ಅದು ಕೆಂಪಾಗುತ್ತದೆ. ನಾವು ಅರಿಶಿನಕ್ಕೆ ಸುಣ್ಣ ಬೆರೆಸಿ ಆರತಿ ನೀರು ಮಾಡುತ್ತೇವಲ್ಲ, ಅದೇ ಕೆಲಸ ಇಲ್ಲೂ ಆಗುವುದು. ಒಣಗುತ್ತಾ ಕಿತ್ತಳೆ ಹಳದಿಗೆ ಇಳಿಯುತ್ತದೆ. ಅಚ್ಚ ಹಳದಿ ಸೋಪು ಬೇಕೆಂದರೆ ಇದರಿಂದ ಆಗದು. ಗುಲಾಬಿ ಎಸಳು ಕಂದಾಗುತ್ತದೆ.

ಮಾರನೇ ದಿನ ಕತ್ತರಿಸಬಹುದು. ಬಳಸಲು ನಾಲ್ಕರಿಂದ ಆರು ವಾರ ಕಾಯಬೇಕು. ಸೋಪಾಗುವ ಕ್ರಿಯೆ ಬಹುಪಾಲು ಮೊದಲ ಒಂದೆರಡು ದಿನದಲ್ಲೇ ಮುಗಿದಿರುತ್ತದೆ. ಉಳಿದದ್ದು ನೀರು ಆರುವುದಕ್ಕೆ. ನಮ್ಮೂರಿನ ತಕರಾರು ಇಲ್ಲೇ. ಫೆಬ್ರವರಿಯಲ್ಲಿ ಬಿದಿರಿನ ಮೊರದ ಮೇಲೆ ಇಟ್ಟ ಬಿಲ್ಲೆಗಳು ಹೇಳಿದ ಅವಧಿಗೆ ಗಟ್ಟಿಯಾಗುತ್ತವೆ. ಜುಲೈಯಲ್ಲಿ ಮಾಡಿದ್ದು ಅಷ್ಟು ದಿನ ಆದರೂ ಬೆರಳಿಗೆ ಪಸೆ ಹತ್ತುತ್ತದೆ. ಒಣಗಿದೆಯೋ ಇಲ್ಲವೋ ಎಂದು ಮುಟ್ಟಿ ನೋಡುವುದಕ್ಕಿಂತ ವಾರಕ್ಕೊಮ್ಮೆ ಒಂದು ಬಿಲ್ಲೆ ತೂಗುವುದು ವಾಸಿ. ತೂಕ ಇಳಿಯುವುದು ನಿಂತರೆ ಒಣಗಿದ ಹಾಗೆ. ಸರಿಯಾಗಿ ಒಣಗದ್ದನ್ನು ನಮ್ಮತ್ತೆಗೆ ಕೊಟ್ಟಿದ್ದೆ. ‘ಪರಿಮಳ ಚಂದ ಉಂಟು, ಆದ್ರೆ ಬೆಲ್ಲದ ಹಾಗೆ ಕರಗ್ತದೆ ಮಾರಾಯ್ತಿ’ ಅಂದರು. ಅದಕ್ಕೇ ನಾನು ಡಿಸೆಂಬರ್‌ನಿಂದ ಮಾರ್ಚ್ ಒಳಗೆ ವರ್ಷಕ್ಕೆ ಬೇಕಾದಷ್ಟು ಮಾಡಿಟ್ಟುಕೊಳ್ಳುತ್ತೇನೆ. ಹಪ್ಪಳ, ಸಂಡಿಗೆಗೆ ಬಿಸಿಲು ನೋಡುವ ಮನೆಗಳಿಗೆ ಇದೇನು ಹೊಸತಲ್ಲ. ಆದರೆ ಸೋಪನ್ನು ನೆರಳಲ್ಲಿ ಗಾಳಿಗೆ ಇಡಬೇಕು, ಬಿಸಿಲಿಗೆ ಅಲ್ಲ.

ಬೆಲೆಯ ಮಾತೂ ಬರಬೇಕಲ್ಲ. 2025ರಲ್ಲಿ ತೆಂಗಿನೆಣ್ಣೆ ಕೆಜಿಗೆ 400 ರೂಪಾಯಿ ದಾಟಿದ ಮೇಲೆ, ಮನೆ ಸೋಪು ಅಗ್ಗ ಅನ್ನುವ ಮಾತು ಬಿದ್ದುಹೋಯಿತು. ಸ್ವಂತ ತೋಟದ ಕೊಬ್ಬರಿ ಗಾಣಕ್ಕೆ ಕೊಟ್ಟವರಿಗೆ ಬೇರೆ ಲೆಕ್ಕ. ಆದರೂ ನಾನು ತೆಂಗಿನೆಣ್ಣೆ ಕಡಿಮೆ ಮಾಡುವುದಿಲ್ಲ. ಗಡಸು ನೀರಲ್ಲೂ ನೊರೆ ಬರುವುದು ಅದರಿಂದಲೇ. ಬೆಂಗಳೂರಿನ ಬೋರ್‌ವೆಲ್ ನೀರಿಗೆ ಕಳಿಸುವ ಸೋಪಿಗಂತೂ ಅದು ಬೇಕೇ ಬೇಕು.

ಹಾಟ್ ಪ್ರಾಸೆಸ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಟ್ರೇಸ್ ಬಂದದ್ದನ್ನು ಬಿಸಿನೀರಿನ ಪಾತ್ರೆಯೊಳಗೆ ಇಟ್ಟು ಒಂದೆರಡು ಗಂಟೆ ಬೇಯಿಸುವುದು. ಬೆಂದ ಮೇಲೆ ಪರಿಮಳ ಹಾಕುವುದರಿಂದ ಅದು ಕ್ಷಾರಕ್ಕೆ ಸಿಕ್ಕಿ ಹಾಳಾಗುವುದು ಕಡಿಮೆ. ಅದೊಂದೇ ಲಾಭ. ಬಿಲ್ಲೆ ಉಬ್ಬುತಗ್ಗು, ಒಲೆ ಮುಂದೆ ಬೆವರು, ಹಾಗಂತ ಒಣಗಿಸುವುದು ಪೂರ್ತಿ ತಪ್ಪುವುದೂ ಇಲ್ಲ.

ಮೆಲ್ಟ್ ಅಂಡ್ ಪೋರ್ ನೋಡಿ ಮೂಗು ಮುರಿಯುವವರು ಇದ್ದಾರೆ, ‘ಅದೇನು ಸೋಪು ಮಾಡುವುದಾ, ಕರಗಿಸುವುದು’ ಅಂತ. ಮಾತು ಸುಳ್ಳಲ್ಲ. ಆದರೆ ಮುಂದಿನ ವಾರ ಸೀಮಂತ, ನೂರು ಸಣ್ಣ ಸೋಪು ಬೇಕು ಅಂದರೆ ಬೇರೆ ದಾರಿ ಇದೆಯಾ? ಬೇಸನ್ನು ತುಂಡು ಮಾಡಿ, ಬಿಸಿನೀರಿನ ಮೇಲಿಟ್ಟು 60-65 ಡಿಗ್ರಿಯಲ್ಲಿ ಕರಗಿಸಿ, ಬಣ್ಣ, ಪರಿಮಳ ಸೇರಿಸಿ ಅಚ್ಚಿಗೆ ಹೊಯ್ದರೆ ಕೆಲವೇ ಗಂಟೆಯಲ್ಲಿ ತಯಾರು. ಕುದಿಸಬಾರದು ಅಷ್ಟೇ. ಮೇಲೆ ಗುಳ್ಳೆ ಬಂದರೆ ಸ್ಪಿರಿಟ್ ಚಿಮುಕಿಸಿದರೆ ಒಡೆಯುತ್ತವೆ. ಸೋಡಾ ಮುಟ್ಟುವ ಕೆಲಸ ಇಲ್ಲ, ಹಾಗಾಗಿ ದೊಡ್ಡವರು ಜೊತೆಗಿದ್ದರೆ ಮಕ್ಕಳೂ ಕೂರಬಹುದು. ತಾಜಾ ಲೋಳೆಸರದ ತಿರುಳು, ಸೌತೆಕಾಯಿ ರಸ ಹಾಕುವುದನ್ನು ಮಾತ್ರ ಬಿಟ್ಟುಬಿಡಿ. ಬೂಸಲು ಬರುತ್ತದೆ.

ಬೇಸಿನ ನಿಜವಾದ ತೊಂದರೆ ಆಮೇಲೆ ಶುರು. ಅದರಲ್ಲಿರುವ ಗ್ಲಿಸರಿನ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಅಚ್ಚಿನಿಂದ ತೆಗೆದ ಸೋಪನ್ನು ಮಳೆಗಾಲದಲ್ಲಿ ರಾತ್ರಿ ಹಾಗೇ ಇಟ್ಟರೆ ಬೆಳಿಗ್ಗೆ ಮೈತುಂಬ ಹನಿ. ಒರೆಸಿದರೆ ಹೊಳಪು ಹೋಗಿ, ಬಟ್ಟೆಯ ಗೆರೆ ಮೂಡುತ್ತದೆ. ಸ್ವಲ್ಪ ಹೊತ್ತಿಗೆ ಮತ್ತೆ ಹನಿ. ಆದ್ದರಿಂದ ಇದು ತಣಿದ ಕೂಡಲೇ ಗಾಳಿ ತಾಗದಂತೆ ಪ್ಯಾಕ್ ಆಗಲೇಬೇಕು.

ಹಾಗಾದರೆ ಯಾವುದರಲ್ಲಿ? ಕ್ಲಿಂಗ್ ಫಿಲ್ಮ್ (ತಿಂಡಿ ಮುಚ್ಚಿಡುವ ತೆಳು ಪ್ಲಾಸ್ಟಿಕ್ ಹಾಳೆ) ಅಗ್ಗ, ಎಳೆದು ಬಿಗಿಯಾಗಿ ಸುತ್ತಿ ಹಿಂದೆ ಸ್ಟಿಕ್ಕರ್ ಅಂಟಿಸಿದರೆ ಹನಿ ಬರುವುದಿಲ್ಲ. ಮೂಲೆಯಲ್ಲಿ ನೆರಿಗೆ ಕಾಣುತ್ತದೆ. ಬಿಸಿಗೆ ಕುಗ್ಗುವ ಶ್ರಿಂಕ್ ಕವರ್ ಹಾಕಿ ಹೇರ್ ಡ್ರೈಯರ್ ಬಿಸಿ ತೋರಿಸಿದರೆ ಅಂಗಡಿಯದ್ದರ ಹಾಗೆ ಅಂದವಾಗಿ ಕೂರುತ್ತದೆ. ಆದರೆ ಡ್ರೈಯರ್ ಒಂದೇ ಕಡೆ ಹಿಡಿದರೆ ಬೇಸ್ ಸೋಪಿನ ಅಂಚು ಕರಗುತ್ತದೆ. ಕೈ ಆಡಿಸುತ್ತಲೇ ಇರಬೇಕು. ನನ್ನ ಓಟು ಕ್ಲಿಂಗ್ ಫಿಲ್ಮಿಗೆ, ಹೊರಗೆ ಒಂದು ಕಾಗದದ ಪಟ್ಟಿ ಸುತ್ತಿದರೆ ನೆರಿಗೆ ಮುಚ್ಚುತ್ತದೆ.

ಇದೇ ಪ್ಲಾಸ್ಟಿಕ್ಕನ್ನು ಕೋಲ್ಡ್ ಪ್ರಾಸೆಸ್ ಸೋಪಿಗೆ ಸುತ್ತಿದರೆ ಉಳಿದ ತೇವ ಒಳಗೇ ನಿಂತು ಮೈ ಮೆತ್ತಗಾಗುತ್ತದೆ. ಅದಕ್ಕೆ ಗಾಳಿ ಬೇಕು. ಬಟರ್ ಪೇಪರ್ ಎಣ್ಣೆ ಪಸೆ ತಡೆಯುತ್ತದೆ, ಪೂರ್ತಿ ಗಾಳಿ ಕಟ್ಟುವುದಿಲ್ಲ. ಅದರ ಮೇಲೆ ಬ್ರೌನ್ ಪೇಪರಿನ ಪಟ್ಟಿ, ಎರಡೂ ತುದಿ ತೆರೆದದ್ದು. ಬ್ರೌನ್ ಪೇಪರ್ ಒಂದನ್ನೇ ಸುತ್ತಿದರೆ ಕೆಲವೇ ದಿನದಲ್ಲಿ ಎಣ್ಣೆ ಕಲೆ ಮೂಡಿ, ಬೋಂಡಾ ಕಟ್ಟಿದ ಪೊಟ್ಟಣದಂತೆ ಕಾಣುತ್ತದೆ. ತುದಿ ತೆರೆದಿಡಲು ಇನ್ನೊಂದು ಕಾರಣವೂ ಇದೆ. ಮೂಸಿ ನೋಡದೆ ಸೋಪು ತಗೊಳ್ಳುವ ಅಭ್ಯಾಸ ನಮ್ಮಲ್ಲಿ ಇಲ್ಲ. 1918ರಲ್ಲಿ ಬಂದ ಮೈಸೂರು ಸ್ಯಾಂಡಲ್ ಸೋಪಿನ ಡಬ್ಬಿಯನ್ನು ಇವತ್ತಿಗೂ ಮೊದಲು ಮೂಗಿಗೇ ಹಿಡಿಯುತ್ತೇವೆ, ಅಲ್ವಾ?

ಅಡಿಕೆ ಹಾಳೆಯ ಪೆಟ್ಟಿಗೆ ನೋಡಲು ಎಲ್ಲಕ್ಕಿಂತ ಚಂದ, ನಮ್ಮ ಊರಿನದ್ದೇ. ಬೇಸಿಗೆಯಲ್ಲಿ ಕೊಡಲು ಒಳ್ಳೆಯದು. ಮಳೆಗಾಲದಲ್ಲಿ ಹಾಳೆಯೇ ತೇವ ಕುಡಿದು ಬೂಸಲು ಹಿಡಿದರೆ, ಒಳಗಿನ ಸೋಪು ಎಷ್ಟು ಒಳ್ಳೆಯದಾದರೂ ಯಾರೂ ಮುಟ್ಟುವುದಿಲ್ಲ.

ಬಾತ್ ಬಾಂಬ್, ಅಂದರೆ ಸ್ನಾನದ ತೊಟ್ಟಿಯ ನೀರಿಗೆ ಹಾಕಿದರೆ ಬುರುಗಿ ಕರಗುವ ಉಂಡೆ, ಕೇಳುವವರಿಗೆ ಒಂದು ಮಾತು. ಅಡುಗೆ ಸೋಡಾ ಎರಡು ಪಾಲು, ಸಿಟ್ರಿಕ್ ಆಸಿಡ್ ಒಂದು ಪಾಲು. ಗಾಳಿಯ ತೇವಕ್ಕೇ ಎರಡೂ ಕೆಲಸ ಶುರು ಮಾಡಿ ಉಂಡೆ ಉಬ್ಬಿ ಬಿರಿಯುತ್ತದೆ. ಅಲ್ಲದೆ ಹಂಡೆಯಿಂದ ಚೊಂಬಲ್ಲಿ ಮೊಗೆದು ಮೀಯುವವರು ಅದನ್ನು ಹಾಕುವುದಾದರೂ ಎಲ್ಲಿಗೆ? ಅದರ ಬದಲು ಹೆಸರುಹಿಟ್ಟು, ಸೀಗೆಪುಡಿ ಚೆನ್ನಾಗಿ ಒಣಗಿಸಿ ಗಾಜಿನ ಭರಣಿಗೆ ತುಂಬಿ ಕೊಡಿ. ಕಾಗದದ ಪೊಟ್ಟಣದಲ್ಲಿ ಹುಳ ಬೀಳುತ್ತದೆ.

ಮಾರುವ ಯೋಚನೆ ಇದ್ದರೆ ಪೇಪರ್ ಆರಿಸುವ ಮೊದಲು ಪರವಾನಗಿ ನೋಡಿ. ಕಾಸ್ಮೆಟಿಕ್ಸ್ ರೂಲ್ಸ್ 2020ರ ಪ್ರಕಾರ ಮನೆಯಲ್ಲಿ ಮಾಡಿದ್ದಾದರೂ ಮಾರಲು ತಯಾರಿಕೆಯ ಲೈಸೆನ್ಸ್ ಬೇಕು. ಲೇಬಲ್ ಮೇಲೆ ಪದಾರ್ಥಗಳು, ತಯಾರಿಸಿದ ತಿಂಗಳು, ವರ್ಷ, ತೂಕ, ಎಂಆರ್‌ಪಿ, ವಿಳಾಸ ಎಲ್ಲ ಇರಬೇಕು. ಅಷ್ಟು ಅಕ್ಷರಕ್ಕೆ ಅರ್ಧ ಇಂಚಿನ ಪಟ್ಟಿ ಸಾಲುವುದಿಲ್ಲ, ಅಗಲದ್ದೇ ಕತ್ತರಿಸಿ. ನೆಂಟರಿಗೆ ಕೊಡುವುದಕ್ಕೆ ನಾನು ಪಟ್ಟಿಯ ಒಳಮೈಯಲ್ಲಿ ಎಣ್ಣೆಗಳ ಹೆಸರು, ಕತ್ತರಿಸಿದ ತಾರೀಖು ಬರೆಯುತ್ತೇನೆ, ಪೆನ್ಸಿಲಿನಲ್ಲಿ. ಪೆನ್ನಿನ ಶಾಯಿ ಸೋಪಿನ ಪಸೆಗೆ ಹರಡುತ್ತದೆ.